ಬೆನ್ನ ಹಿಂದಿನ ಕೈಗಳು

ಪ್ರತಿ ವರ್ಷ ಕಾಲೇಜಿನವರು ಕೆಲವು ಮಕ್ಕಳನ್ನು ಎರಡು ವಾರದ ಮಟ್ಟಿಗೆ ನಮ್ಮಲ್ಲಿಗೆ ಕಳಿಸುತ್ತಾರೆ. ಆರೈಕೆಯ ಕೆಲಸವೆಂದರೆ ಏನೆಂದು ಹತ್ತಿರದಿಂದ ನೋಡಲಿ, ಒಗ್ಗಿದರೆ ಮುಂದೆ ಅದನ್ನೇ ಓದಲಿ ಎಂಬುದು ಅವರ ಯೋಚನೆ. ಯೋಚನೆ ಒಳ್ಳೆಯದೇ. ಆದರೆ ಆ ಎರಡು ವಾರ ನನ್ನ ತಲೆ ತಿನ್ನುವುದು ಮಾತ್ರ ತಪ್ಪುವುದಿಲ್ಲ. ಇಸ್ತ್ರಿ ಕೆಡದ ಬಿಳಿ ಕೋಟು ಹಾಕಿಕೊಂಡು ಬಾಗಿಲಲ್ಲಿ ಸಾಲಾಗಿ ನಿಂತುಬಿಡುತ್ತಾರೆ. ಒಳಗೆ ಯಾರಿಗೋ ಶೌಚಕ್ಕೆ ಅವಸರ, ಯಾರದೋ ಚಪ್ಪಲಿ ಮಂಚದಡಿ ಸೇರಿದೆ, ಇವರು ನನ್ನನ್ನು ನೋಡಿ ಮುಗುಳ್ನಗುತ್ತಿರುತ್ತಾರೆ.

ನಮ್ಮದು ಆಸ್ಪತ್ರೆಯಲ್ಲ, ವೃದ್ಧಾಶ್ರಮವೂ ಅಲ್ಲ. ಪಾರ್ಶ್ವವಾಯು ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು ಆಸ್ಪತ್ರೆಯಿಂದ ಹೊರಬಂದ ಮೇಲೆ ಕೆಲವು ತಿಂಗಳು ಇದ್ದು, ಏಳುವುದು, ಕೂರುವುದು, ಉಣ್ಣುವುದು, ಉಡುವುದು ಇಷ್ಟನ್ನೂ ಮತ್ತೆ ಮೊದಲಿಂದ ಕಲಿಯುವ ಜಾಗ. ಇಲ್ಲಿಂದ ಹೊರಡುವ ದಾರಿ ಎರಡೇ. ಒಂದು ಮನೆಗೆ, ಇನ್ನೊಂದು ಊರಾಚೆಯ ದೊಡ್ಡ ಆರೈಕೆ ಮನೆಗೆ. ಅಲ್ಲಿ ಹೋದವರನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಹೊತ್ತುಹೊತ್ತಿಗೆ ಊಟ, ಶುಭ್ರವಾದ ಹಾಸಿಗೆ, ಎಲ್ಲ ಇದೆ. ಅಲ್ಲಿಂದ ಮನೆಗೆ ಮರಳಿದವರನ್ನು ಮಾತ್ರ ನಾನು ನೋಡಿಲ್ಲ.

ಹೆಸರು ನೆನಪಿಟ್ಟುಕೊಳ್ಳುವ ತಾಳ್ಮೆ ನನಗಿಲ್ಲ. ಬಂದ ದಿನವೇ ಅಡ್ಡಹೆಸರು ಇಟ್ಟುಬಿಡುತ್ತೇನೆ. ಈ ಸಲ ಬಂದವರು ಮೂವರು. ಬಾಗಿಲ ಚೌಕಟ್ಟಿಗೆ ತಲೆ ತಗುಲಿಸಿಕೊಂಡೇ ಒಳಬಂದ ಹುಡುಗ ಏಣಿ. ಕೂತಲ್ಲೇ ಬಾಯಿ ತೆರೆಯುವ ಹುಡುಗಿ ಆಕಳಿಕೆ. ಮೂರನೆಯವಳು ನಿಂತಲ್ಲಿ ನಿಲ್ಲುವ ಪೈಕಿಯೇ ಅಲ್ಲ. ನಾನು ಮಾತಾಡುತ್ತಿರುವಾಗಲೇ ಮೇಜಿನ ಮೇಲಿನ ಲೋಟಗಳನ್ನು ಜೋಡಿಸಿದಳು, ಕಿಟಕಿಯ ಪರದೆ ಸರಿಮಾಡಿದಳು, ನನ್ನ ಭುಜದ ಮೇಲೆ ಅಂಟಿದ್ದ ದಾರದ ಎಳೆಯನ್ನೂ ತೆಗೆದು ಕಸದ ಬುಟ್ಟಿಗೆ ಹಾಕಿ ಬಂದಳು. ಅವಳಿಗೆ ಪಾದರಸ ಎಂದು ಹೆಸರಿಡಲು ನಾನು ಯೋಚಿಸಬೇಕಾಗಲಿಲ್ಲ. ನನಗೂ ಅವರು ಒಂದು ಹೆಸರಿಟ್ಟಿದ್ದರು, ಗುಡುಗು ಅಂತ. ನನ್ನ ಕಿವಿ ಚುರುಕೆಂದು ಪಾಪ ಅವರಿಗೆ ಗೊತ್ತಿರಲಿಲ್ಲ.

"ಯಾಕೆ ಬಂದ್ರಿ ಈ ಕೆಲಸಕ್ಕೆ?" ಎಂದು ಎಲ್ಲರನ್ನೂ ಕೇಳುವ ಹಾಗೆ ಅವರನ್ನೂ ಕೇಳಿದೆ.

"ಬೇರೆ ಕಡೆ ಸೀಟು ಸಿಗಲಿಲ್ಲ ಸಿಸ್ಟರ್," ಎಂದ ಏಣಿ. ನಿಜ ಹೇಳಿದನಲ್ಲ ಎಂದು ಒಳಗೊಳಗೇ ಮೆಚ್ಚಿಕೊಂಡೆ.

"ದೊಡ್ಡಮ್ಮ ಹೇಳಿದ್ರು," ಎಂದಳು ಆಕಳಿಕೆ.

ಪಾದರಸ ಮಾತ್ರ ನೆಟ್ಟಗೆ ನಿಂತು ಹೇಳಿದಳು. "ಮನೇಲಿ ತಮ್ಮ ಇದ್ದಾನೆ ಸಿಸ್ಟರ್. ಹುಟ್ಟಿದಾಗಿಂದ ಅವನ ಕೈಕಾಲು ಬಿಗಿ. ಮಾತು ನಿಧಾನ, ಆದ್ರೆ ಬುದ್ಧಿ ಚುರುಕು. ಅಮ್ಮ ಬೆಳಗಾದ್ರೆ ಕೆಲಸಕ್ಕೆ ಹೋಗ್ತಾರೆ. ಅವನಿಗೆ ಹಲ್ಲುಜ್ಜೋದು, ಬಟ್ಟೆ ಹಾಕೋದು, ತಿನ್ಸೋದು ಎಲ್ಲಾ ನಾನೇ. ಕಣ್ಣು ಮುಚ್ಚಿ ಬಿಡೋದ್ರೊಳಗೆ ರೆಡಿ ಮಾಡಿ ಸ್ಕೂಲ್ ವ್ಯಾನಿಗೆ ಹತ್ತಿಸ್ತೀನಿ. ಅದಕ್ಕೇ ಅಮ್ಮ ಅಂದ್ರು, ಈ ಕೆಲಸ ನಿನಗೆ ನೀರು ಕುಡಿದಷ್ಟು ಸುಲಭ ಅಂತ."

ಹಾಗೆ ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು. ಇರಬೇಕಾದ್ದೇ. ನನಗೂ ಅವಳ ಮೇಲೆ ಆಗಲೇ ಅಕ್ಕರೆ ಹುಟ್ಟಿತು, ತೋರಿಸಲಿಲ್ಲ ಅಷ್ಟೆ.

ಆಮೇಲೆ ನನ್ನ ಮೊದಲ ಪಾಠ ಹೇಳಿದೆ. "ಎಲ್ಲರೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಇವತ್ತಿಂದ ವಾರ್ಡಿನಲ್ಲಿ ಹೀಗೇ ಇರಬೇಕು."

ಮೂವರೂ ಮುಖಮುಖ ನೋಡಿಕೊಂಡರು. "ಸಹಾಯ ಮಾಡೋಕೆ ಅಂತ ಬಂದು ಕೈ ಕಟ್ಟಿಕೊಂಡು ನಿಂತ್ರೆ ಹೇಗೆ ಸಿಸ್ಟರ್?" ಎಂದು ಏಣಿ ಕೇಳಿದ.

"ಬೀಳೋ ಹಾಗಿದ್ರೆ ಹಿಡಿ. ಸುಟ್ಟುಕೊಳ್ಳೋ ಹಾಗಿದ್ರೆ ತಡಿ. ಅವರೇ ಬಾಯಿಬಿಟ್ಟು ಕೇಳಿದ್ರೆ ಕೊಡು. ಮಿಕ್ಕ ಹೊತ್ತು ನೋಡ್ತಾ ನಿಂತ್ಕೋ. ಅವರು ತಾವಾಗಿ ಏನು ಮಾಡಬಲ್ಲರು ಅಂತ ನಿನಗೆ ಮೊದಲು ಗೊತ್ತಾಗಲಿ. ಅದು ಗೊತ್ತಾದ ಮೇಲೆ ನಿನ್ನ ಕೈಗೆ ಕೆಲಸ ಕೊಡ್ತೀನಿ."

ಹೇಳುವುದು ಸುಲಭ. ಅಂದು ಮಧ್ಯಾಹ್ನ ಹಲ್ಲಿಲ್ಲದ ಒಬ್ಬ ಅಜ್ಜಿ ಚಮಚವನ್ನು ತಟ್ಟೆಯಿಂದ ಬಾಯಿಗೆ ತರುವಷ್ಟರಲ್ಲಿ ಏಣಿ ಬೆವರಿಳಿಸಿಕೊಂಡ. ಅರ್ಧ ಅನ್ನ ಎದೆಯ ಮೇಲೆ, ಇನ್ನರ್ಧ ಬಾಯೊಳಗೆ. ಅಜ್ಜಿ ಅವನನ್ನು ನೋಡಿ, "ಯಾಕೋ, ನಿನಗೂ ಹಸಿವಾ?" ಎಂದರು. ಅವನು ನಕ್ಕುಬಿಟ್ಟ. ಈ ಹುಡುಗ ಈ ಕೆಲಸದಲ್ಲಿ ಉಳಿಯುತ್ತಾನೆ ಎಂದು ನನಗೆ ಆಗಲೇ ಅನ್ನಿಸಿತು. ಪಾದರಸಳ ಕೈಗಳು ಬೆನ್ನ ಹಿಂದೆ ಇದ್ದವು, ನಿಜ. ಬೆರಳುಗಳು ಮಾತ್ರ ಅಲ್ಲೇ ಒಂದನ್ನೊಂದು ಹಿಂಡಿಕೊಳ್ಳುತ್ತಿದ್ದವು.

ಕಿಟಕಿ ಪಕ್ಕದ ಮಂಚದಲ್ಲಿ ಇದ್ದವರು ಕತ್ತರಿ ಮಾವ. ಈ ಹೆಸರು ಮಾತ್ರ ನಾನಿಟ್ಟದ್ದಲ್ಲ, ಮಕ್ಕಳದೇ. ವೃತ್ತಿಯಲ್ಲಿ ಅವರು ಕ್ಷೌರಿಕರು. ಸ್ವಂತ ಅಂಗಡಿ, ಎರಡು ಕುರ್ಚಿ, ಗೋಡೆಯುದ್ದ ಕನ್ನಡಿ. ಒಬ್ಬ ಗಿರಾಕಿಯ ತಲೆ ಅರ್ಧ ಮುಗಿಸಿದ್ದಾಗ ಕೈಯಿಂದ ಕತ್ತರಿ ಜಾರಿತಂತೆ. ಬಗ್ಗಿ ಎತ್ತಿಕೊಳ್ಳಲು ಹೋದವರು ಅಲ್ಲೇ ಕುಸಿದರು. ಅವತ್ತಿನಿಂದ ಅವರ ಬಲಗೈ ಸೋತ ಕೈ. ಬಲಗಾಲು ಕೊಂಚ ಭಾರ, ಆದರೂ ಕೋಲು ಹಿಡಿದು ನಡೆಯುತ್ತಿದ್ದರು. ಮಾತು ಸ್ವಲ್ಪ ತೊದಲುತ್ತಿತ್ತು. ಹಾಗಂತ ಕಡಿಮೆಯೇನೂ ಆಗಿರಲಿಲ್ಲ.

"ಈ ಹುಡುಗನ ತಲೆ ಕೆಡಿಸಿದ ಪುಣ್ಯಾತ್ಮ ಯಾರು?" ಎಂದು ಏಣಿಯನ್ನು ನೋಡಿದ ಕೂಡಲೇ ಕೇಳಿದ್ದರು. "ಒಂದು ಪಕ್ಕ ಏರು, ಒಂದು ಪಕ್ಕ ಇಳಿಜಾರು. ನಾನು ಮನೆಗೆ ಹೋದ ಮೇಲೆ ಅಂಗಡಿಗೆ ಬಾ. ಎಡಗೈಲಿ ಹೊಡೆದ್ರೂ ಇದಕ್ಕಿಂತ ಚೆನ್ನಾಗಿರುತ್ತೆ."

ನಾನು ಮನೆಗೆ ಹೋದ ಮೇಲೆ ಎನ್ನುವುದು ಅವರ ಎಲ್ಲ ಮಾತಿನಲ್ಲೂ ಇರುತ್ತಿತ್ತು. ಆದರೆ ಮನೆಯಲ್ಲಿ ಹಗಲು ಹೊತ್ತು ಯಾರೂ ಇಲ್ಲ. ಹೆಂಡತಿ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾರೆ, ಮಗಳು ಮದುವೆಯಾಗಿ ದೂರದಲ್ಲಿದ್ದಾಳೆ. ಹಾಗಾಗಿ ಷರತ್ತು ಒಂದೇ. ಬೆಳಗ್ಗೆ ತಾವೇ ಎದ್ದು, ಮುಖ ತೊಳೆದು, ಬಟ್ಟೆ ಹಾಕಿಕೊಂಡು, ಒಂದು ಲೋಟ ಚಹಾ ಮಾಡಿಕೊಳ್ಳಬೇಕು. ಯಾರೂ ಮುಟ್ಟದೆ, ಡಾಕ್ಟರ ಎದುರು, ಸಮಾಜ ಸೇವಾ ವಿಭಾಗದ ಮೇಡಂ ಎದುರು ಮಾಡಿ ತೋರಿಸಬೇಕು. ಮಾಡಿದರೆ ಮನೆ. ಆಗದಿದ್ದರೆ ಊರಾಚೆ. ಮುಖ, ಚಹಾ ಎಲ್ಲ ಎಡಗೈಗೆ ಬಂದಿತ್ತು. ಶರ್ಟಿನ ಗುಂಡಿಗಳು ಬಂದಿರಲಿಲ್ಲ.

ಗುಂಡಿಯಿಲ್ಲದ ಅಂಗಿ ಹಾಕಿಕೊಳ್ಳಿ ಎಂದು ನಾನೇ ಹೇಳಿ ನೋಡಿದ್ದೆ. "ಸಿಸ್ಟರ್, ನಾನು ಕನ್ನಡಿ ಮುಂದೆ ಬದುಕಿದೋನು," ಎಂದು ಮುಖ ತಿರುಗಿಸಿದ್ದರು. "ಗುಂಡಿ ಹಾಕಿದ ಶರ್ಟಿಲ್ಲದೆ ಅಂಗಡಿ ಬಾಗಿಲು ತೆಗೆದೋನಲ್ಲ. ಮನೆಗೆ ಹೋದ್ರೆ ಮನುಷ್ಯನ ಹಾಗೆ ಹೋಗ್ತೀನಿ." ಆ ಹಠ ಕಂಡು ನನಗೆ ಸಿಟ್ಟೂ ಬಂತು, ಪ್ರೀತಿಯೂ ಬಂತು.

ಮೊದಲ ವಾರ ಮುಗಿಯುವ ಹೊತ್ತಿಗೆ ಒಂದು ಪವಾಡ ಕಂಡೆ. ನಾನು ಬೆಳಗಿನ ಸುತ್ತಿಗೆ ಬರುವಷ್ಟರಲ್ಲಿ ಮಾವ ಕಿಟಕಿಯ ಬಳಿ ಕೂತಿರುತ್ತಿದ್ದರು. ತಿಳಿನೀಲಿ ಶರ್ಟು, ಕತ್ತಿನಿಂದ ಹೊಟ್ಟೆಯವರೆಗೆ ಒಂದೂ ತಪ್ಪದೆ ಗುಂಡಿ, ಕಾಲರು ನೆಟ್ಟಗೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. "ಏನ್ರೀ ಮಾವ, ಭಾರಿ ಆಯ್ತಲ್ಲ," ಎಂದರೆ ಕಿಟಕಿಯಾಚೆ ನೋಡುತ್ತಾ, "ಆಗ್ತಾ ಇದೆ, ಆಗ್ತಾ ಇದೆ," ಎನ್ನುತ್ತಿದ್ದರು. ಇಷ್ಟು ಮಾತಾಡುವವರು ಈ ಒಂದು ವಿಷಯದಲ್ಲಿ ಯಾಕೆ ಇಷ್ಟು ಚುಟುಕು ಎಂದು ನನ್ನ ಬುದ್ಧಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲದೆ ಸೋಮವಾರವೇ ಡಾಕ್ಟರ ಹತ್ತಿರ ಹೋಗಿ, "ಕಿಟಕಿ ಪಕ್ಕದವರು ತಯಾರು, ಈ ಶುಕ್ರವಾರವೇ ನೋಡಿಬಿಡಿ," ಎಂದುಬಿಟ್ಟೆ. ಹೇಗೂ ಇಲ್ಲಿ ಮಾವನ ಅವಧಿ ಮುಗಿಯುತ್ತಾ ಬಂದಿತ್ತು. ಡಾಕ್ಟರು ಒಪ್ಪಿದರು. ಸಂಜೆ ಮಾವನ ಹೆಂಡತಿ ಬಂದಾಗ ವಿಷಯ ಹೇಳಿದೆ. ಆ ಹೆಂಗಸು ಕೈಯಲ್ಲಿದ್ದ ಚೀಲ ಕೆಳಗಿಟ್ಟು, ನನ್ನ ಎರಡೂ ಕೈ ಹಿಡಿದುಕೊಂಡರು.

ಮಂಗಳವಾರ ಪಕ್ಕದ ಮನೆಯವರ ಗಾಡಿ ಸಿಕ್ಕಿತೆಂದು ಬೇಗ ಬಂದೆ. ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು. ಮಾವ ಮಂಚದ ಅಂಚಿನಲ್ಲಿ ಕೂತಿದ್ದರು, ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಸೋತ ಕೈಯ ಪಕ್ಕದಲ್ಲಿ ಗೆದ್ದ ಕೈಯೂ ಸೋತು ಮಲಗಿತ್ತು. ಪಾದರಸ ಅವರ ಮುಂದೆ ಮೊಣಕಾಲೂರಿ, ತನ್ನ ತಮ್ಮನ ತುಂಟಾಟದ ಕತೆ ಹೇಳುತ್ತಾ, ಪಟಪಟನೆ ಗುಂಡಿ ಹಾಕುತ್ತಿದ್ದಳು. ಕಾಲರನ್ನು ನೀವಿ ನೇರ ಮಾಡಿ, ಸ್ವಲ್ಪ ಹಿಂದೆ ಸರಿದು ನೋಡಿ, "ಈಗ ಮದುವೆ ಗಂಡು," ಎಂದಳು.

ಮೊದಲು ನೆನಪಾದದ್ದು ಡಾಕ್ಟರಿಗೆ ಕೊಟ್ಟ ಮಾತು. ಕೋಪ ಬಂದದ್ದು ಆಮೇಲೆ.

ಅವಳನ್ನು ಲಿನನ್ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಮಡಚಿಟ್ಟ ದುಪ್ಪಟಿಗಳ ನಡುವೆ ನಿಂತು ನನ್ನ ಹೆಸರಿಗೆ ತಕ್ಕಂತೆ ಗುಡುಗಿದೆ. ಎಷ್ಟು ದಿನದಿಂದ ಎಂದು ಕೇಳಿದೆ. ತಮ್ಮನ ವ್ಯಾನು ಬೇಗ ಹೋಗುತ್ತದೆ, ತಾನು ಎಲ್ಲರಿಗಿಂತ ಮೊದಲು ಬಂದುಬಿಡುತ್ತೇನೆ, ಡ್ಯೂಟಿ ಶುರುವಾಗುವ ಮುಂಚೆ ಮಾಡಿದರೆ ತಪ್ಪಿಲ್ಲ ಅಂದುಕೊಂಡೆ ಎಂದಳು. "ಅವರು ಒಂದು ಗುಂಡಿಗೆ ಅಷ್ಟು ಕಷ್ಟಪಡೋದು ನೋಡೋಕೆ ಆಗಲಿಲ್ಲ ಸಿಸ್ಟರ್. ನನಗೆ ಅದು ಎರಡು ನಿಮಿಷದ ಕೆಲಸ."

"ನಿನಗೆ ಎರಡು ನಿಮಿಷ. ಅವರಿಗೆ ಅದು ಮನೆ," ಎಂದೆ. "ನಾನು ಡಾಕ್ಟರಿಗೆ ಮಾತು ಕೊಟ್ಟಾಗಿದೆ. ಈಗ ಹೋಗಿ ಆಗಲ್ಲ ಅಂದ್ರೆ, ಆಗಲ್ಲ ಅಂತಲೇ ತೀರ್ಮಾನ ಆಗುತ್ತೆ. ಇಷ್ಟು ದಿನ ಅವರ ಎಡಗೈ ಕಲಿಯಬೇಕಿತ್ತು. ಕಲಿತದ್ದು ನಿನ್ನ ಕೈ, ಅದಕ್ಕೆ ಮೊದಲೇ ಬರ್ತಿತ್ತು."

ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಅಲ್ಲೇ ನಿಂತು ಒಂದು ದಿಂಬಿನ ಗವಸನ್ನು ತೆಗೆದು, ಮಡಚಿ, ಮತ್ತೆ ಬಿಚ್ಚಿ, ಮಡಚುತ್ತಿದ್ದಳು. ಕೈ ಸುಮ್ಮನಿರದ ಹುಡುಗಿ. ಬೈದು ಮುಗಿಸಿದ ಮೇಲೆ ನನಗೆ ನನ್ನ ಮೇಲೂ ಸಿಟ್ಟು ಬಂತು. ಹಾಕಿದ ಗುಂಡಿ ನೋಡಿ ಬೆಪ್ಪಾದವಳು ನಾನು. ಹಾಕುವ ಕೈಯನ್ನು ನೋಡು ಎಂದು ಊರಿಗೆಲ್ಲ ಪಾಠ ಹೇಳುವವಳು ನಾನೇ ತಾನೆ.

ಮಾವನ ಬಳಿ ಹೋಗಿ ಎದುರು ಕುರ್ಚಿಯಲ್ಲಿ ಕೂತೆ. ಅವರು ನನ್ನ ಮುಖ ನೋಡಲಿಲ್ಲ.

"ಆ ಮಗು ಅಷ್ಟು ಆಸೆಯಿಂದ ಮಾಡ್ತಿತ್ತು ಸಿಸ್ಟರ್. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ," ಎಂದರು. ಎಡಗೈಯಿಂದ ಕಾಲರು ಮುಟ್ಟಿ ನೋಡಿಕೊಂಡು, "ಆಮೇಲಾಮೇಲೆ ಬೇಡ ಅಂತ ಅನಿಸಲೂ ಇಲ್ಲ," ಎಂದರು.

"ಶುಕ್ರವಾರ ಏನು ಮಾಡೋದು? ಮುಂದಕ್ಕೆ ಹಾಕಿ ಅಂತ ಕೇಳ್ಲಾ?"

"ಬೇಡ. ನನ್ನವಳು ಮನೆ ಬಾಗಿಲಿಗೆ ಹಿಡಿಕೆ ಹಾಕ್ಸೋಕೆ ಬಡಗೀನ ಕರ್ಸಿದ್ದಾಳಂತೆ. ಶುಕ್ರವಾರ ಅಂದ್ರೆ ಶುಕ್ರವಾರ." ನನ್ನತ್ತ ತಿರುಗಿ ಹೇಳಿದರು, "ಹುಡುಗೀನ ಬೈಬೇಡಿ. ಅದನ್ನೇ ನನ್ನ ಜೊತೆ ಕೂರಿಸಿ. ಅದು ಇಲ್ಲದಿದ್ರೆ ನನಗೆ ಹಠ ಬರಲ್ಲ."

ಬೈದಾಗಿತ್ತು. ಆದರೆ ಕೂರಿಸಿದೆ. ಪಾದರಸಳಿಗೆ ಹೇಳಿದೆ, ಈ ಮೂರು ದಿನ ನಿನಗೆ ಬೇರೆ ಕೆಲಸವಿಲ್ಲ, ಮಾವನ ಎದುರು ಕೂತು ಬಾಯಲ್ಲಿ ಮಾತ್ರ ಸಹಾಯ ಮಾಡು, ಕೈ ಬೆನ್ನ ಹಿಂದೆ. ನನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಅವಳಿಗೆ ಹೇಳಿಕೊಟ್ಟೆ. ಹಾಕುವಾಗ ಸೋತ ಕೈ ಮೊದಲು ತೋಳಿಗೆ, ಗೆದ್ದ ಕೈ ಆಮೇಲೆ. ಬಿಚ್ಚುವಾಗ ತಿರುಗಾಮುರುಗಾ. ಗುಂಡಿಯನ್ನು ಕೆಳಗಿಂದ ಶುರು ಮಾಡಬೇಕು, ಯಾಕೆಂದರೆ ಕೆಳಗಿನದು ಕಣ್ಣಿಗೆ ಕಾಣುತ್ತದೆ, ಅಂಚಿಗೆ ಅಂಚು ಕೂಡುತ್ತದೆ. ಮೇಲಿಂದ ಶುರು ಮಾಡಿದರೆ ಒಂದು ತಪ್ಪಿ ಕೊನೆಗೆ ಎಲ್ಲವೂ ಓರೆ.

ಆ ಮೂರು ದಿನ ನೋಡುವುದು ಯಾರಿಗೂ ಬೇಡವಾಗಿತ್ತು. ಮಾವನ ಹೆಬ್ಬೆರಳು ಗುಂಡಿಯನ್ನು ತೂತಿನ ತುದಿಯವರೆಗೆ ತರುತ್ತಿತ್ತು, ಅಷ್ಟರಲ್ಲಿ ಬಟ್ಟೆ ಜಾರುತ್ತಿತ್ತು. ಮತ್ತೆ ಹಿಡಿಯುವುದು, ಮತ್ತೆ ಜಾರುವುದು. ಪಾದರಸ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ತುಟಿ ಕಚ್ಚಿಕೊಂಡು, "ಇನ್ನೊಂಚೂರು ಮೇಲೆ ಮಾವ, ಈಗ ತಳ್ಳಿ," ಎನ್ನುತ್ತಿದ್ದಳು. ಮೊದಲ ದಿನ ಸಂಜೆಯ ಹೊತ್ತಿಗೆ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಮುಂದೆ ತರಲೂ ಅವಳು ಒಪ್ಪಲಿಲ್ಲ.

"ಸರಿ ಬಿಡು, ಕೆಲಸ ಹಂಚಿಕೊಳ್ಳೋಣ," ಎಂದರು ಮಾವ. "ನೀನು ಅಳು, ನಾನು ಗುಂಡಿ ಹಾಕ್ತೀನಿ."

ಅಳುತ್ತಲೇ ನಕ್ಕಳು. ಅವರು ಆ ಗುಂಡಿ ಹಾಕಿಯೂ ಹಾಕಿದರು. ಆದರೆ ಅದೊಂದೇ.

ಸಂಜೆ ಅವರ ಹೆಂಡತಿ ಬರುವಾಗ ಇನ್ನೊಂದು ಪೇಚು. ಆ ತಾಯಿಗೆ ಗಂಡನನ್ನು ಕಂಡರೆ ಕೈ ನಿಲ್ಲದು. ದಿಂಬು ಎತ್ತುವುದು, ಬಾಯಿ ಒರೆಸುವುದು, ಚಪ್ಪಲಿ ಹಾಕುವುದು. ಬುಧವಾರ ಅವರು ಬಂದವರೇ ಶರ್ಟಿನತ್ತ ಕೈ ನೀಡಿದಾಗ ಮಾವ, "ಏಯ್, ಕೈ ಹಿಂದೆ," ಎಂದರು. ಆಕೆ ಗಾಬರಿಯಾಗಿ ನನ್ನತ್ತ ನೋಡಿದರು. ಪಾದರಸ ಎದ್ದು ಪಕ್ಕದಲ್ಲಿ ನಿಂತು ಹೇಗೆ ಕಟ್ಟಿಕೊಳ್ಳಬೇಕೆಂದು ತೋರಿಸಿಕೊಟ್ಟಳು. "ಕಷ್ಟ ಆಗುತ್ತೆ ಅತ್ತೆ, ಆದ್ರೆ ಅಭ್ಯಾಸ ಆಗುತ್ತೆ," ಎಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಯಾರೂ ತನಗೆ ಇಂಥ ಶಿಕ್ಷೆ ಕೊಟ್ಟಿರಲಿಲ್ಲ ಎಂದು ಆಕೆ ನಕ್ಕರು.

ಗುರುವಾರ ಮಾವ ಎಲ್ಲ ಗುಂಡಿ ಹಾಕಿದರು, ಒಂದು ಸಲ. ಇನ್ನೊಂದು ಸಲ ಹಾಕಿ ನೋಡಿ ಎಂದರೆ ಆಗಲಿಲ್ಲ, ಬೆರಳು ಸೋತಿತ್ತು. ಮನೆಗೆ ಹೊರಟ ಪಾದರಸ ಗೇಟಿನ ಬಳಿ ನನಗಾಗಿ ಕಾದು ನಿಂತಿದ್ದಳು. ನಾಳೆಯ ಮಾತಾಡುತ್ತಾಳೆ ಅಂದುಕೊಂಡೆ.

"ಸಿಸ್ಟರ್, ನನ್ನ ತಮ್ಮನ ಬೆರಳು ಮಾವನ ಬೆರಳಿಗಿಂತ ಚೆನ್ನಾಗಿ ಆಡ್ತವೆ," ಎಂದಳು. ಹೇಳಿ, ತನಗೆ ತಾನೇ ತಲೆಯಾಡಿಸಿ ಹೊರಟುಹೋದಳು.

ಶುಕ್ರವಾರ ಡಾಕ್ಟರು ಬಂದರು, ಮೇಡಂ ಬಂದರು. ಮಾವ ಎದ್ದರು, ಮುಖ ತೊಳೆದರು. ಮಂಚದ ಅಂಚಿನಲ್ಲಿ ಕೂತು ಶರ್ಟು ತೆಗೆದುಕೊಂಡರು. ಸೋತ ಕೈ ತೋಳಿನೊಳಗೆ ಹೋಯಿತು, ಗೆದ್ದ ಕೈ ಹೋಯಿತು. ಗೋಡೆಗೊರಗಿ ನಾವು ನಾಲ್ವರು ನಿಂತಿದ್ದೆವು, ನಾನು, ಪಕ್ಕದಲ್ಲಿ ಪಾದರಸ, ಆಚೆ ಏಣಿ, ಆಕಳಿಕೆ. ಎಲ್ಲರ ಕೈಯೂ ಬೆನ್ನ ಹಿಂದೆ. ಆವತ್ತು ಆಕಳಿಕೆಗೂ ಆಕಳಿಕೆ ಬರಲಿಲ್ಲ.

ಗಾಬರಿಯಲ್ಲಿ ಮಾವ ಮೇಲಿಂದ ಶುರು ಮಾಡಿದರು.

ಕೂಡಲೇ ನನಗೆ ಗೊತ್ತಾಯಿತು. ಪಾದರಸ ಉಸಿರೆಳೆದುಕೊಂಡದ್ದೂ ಕೇಳಿಸಿತು. ಬಾಯಿ ಬಿಡುವ ಹಾಗಿಲ್ಲ, ಮಾತೂ ಸಹಾಯವೇ ಎಂದು ಮೇಡಂ ಮೊದಲೇ ಹೇಳಿದ್ದರು. ಒಂದು ಗುಂಡಿ ಹಾಕುವಷ್ಟರಲ್ಲಿ ಡಾಕ್ಟರು ಎರಡು ಸಲ ಗಡಿಯಾರ ನೋಡಿದರು. ಮಾವನ ಹಣೆಯಲ್ಲಿ ಬೆವರು ಮೂಡಿತು, ಜಾರಿ ಕಣ್ಣಿಗೆ ಇಳಿಯಿತು. ಎಲ್ಲ ಮುಗಿಸಿ ಕೊನೆಯದಕ್ಕೆ ಬಂದಾಗ ಒಂದು ಕಡೆ ಗುಂಡಿ ಉಳಿದಿತ್ತು, ಇನ್ನೊಂದು ಕಡೆ ತೂತೇ ಇರಲಿಲ್ಲ. ಶರ್ಟು ಒಂದು ಪಕ್ಕ ಏರಿ, ಇನ್ನೊಂದು ಪಕ್ಕ ಇಳಿದು ನಿಂತಿತ್ತು. ಅವರು ತಲೆಯೆತ್ತಿ ಎದುರಿನ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು. ಅಷ್ಟು ಜನರ ಮುಂದೆ ಹಾಗೆ ಕೂತ ಆ ಮನುಷ್ಯನ ಮುಖ ನೋಡಲು ನನ್ನಿಂದಾಗಲಿಲ್ಲ. ನನ್ನ ಕೈ ನನಗೇ ಗೊತ್ತಿಲ್ಲದೆ ಬೆನ್ನ ಹಿಂದಿನಿಂದ ಬಿಡಿಸಿಕೊಂಡು ಮುಂದೆ ಬಂತು, ಒಂದು ಹೆಜ್ಜೆಯನ್ನೂ ಎತ್ತಿದೆ.

ಪಾದರಸ ನನ್ನ ಕಾಲು ತುಳಿದಳು.

ಸುಮ್ಮನೆ ಸೋಕಿದ್ದಲ್ಲ, ಹಿಮ್ಮಡಿಯೂರಿ ಗಟ್ಟಿಯಾಗಿ ತುಳಿದಳು. ಅವಳ ಕೈ ಬೆನ್ನ ಹಿಂದೆಯೇ ಇತ್ತು, ಕಣ್ಣು ಮಾವನ ಮೇಲೆಯೇ ಇತ್ತು. ಇಷ್ಟು ವರ್ಷದ ಸರ್ವೀಸಿನಲ್ಲಿ ವಿದ್ಯಾರ್ಥಿಗಳಿಂದ ತುಳಿಸಿಕೊಂಡವಳಲ್ಲ ನಾನು. ಕೈಯನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡೆ.

ಮಾವ ಕನ್ನಡಿಯಲ್ಲಿ ನೋಡಿಕೊಂಡೇ ಇದ್ದರು. ಆಮೇಲೆ, "ಯಾವನೋ ನಾವಿ ಕೆಡಿಸಿದ ತಲೆ ಇದ್ದ ಹಾಗಿದೆ," ಎಂದು ತಮಗೇ ಹೇಳಿಕೊಂಡರು. ಹೇಳಿ, ಹಾಕಿದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಎಲ್ಲ ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ, ಕೆಳಗಿನ ಗುಂಡಿ ಹಿಡಿದರು.

"ಇಷ್ಟು ಹೊತ್ತು ಆದ್ರೆ ಹೇಗೆ?" ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

"ಮನೇಲಿ ಅವರಿಗೆ ಏನು ಅವಸರ ಇದೆ ಡಾಕ್ಟ್ರೇ?" ಎಂದು ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಆ ಹೆಂಗಸಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಡಾಕ್ಟರೂ ಕೂತರು. ಕತ್ತಿನ ಕೊನೆಯ ಗುಂಡಿಯನ್ನೂ ಹಾಕಿ, ಎಡಗೈಯಿಂದ ಕಾಲರು ಸರಿಮಾಡಿಕೊಂಡು, ಕತ್ತರಿ ಮಾವ ಕೋಲು ಹಿಡಿದು ಎದ್ದು, "ಯಾರ್ಯಾರಿಗೆ ಚಹಾ?" ಎಂದು ಕೇಳಿದರು.

ಶನಿವಾರ ಅವರು ಮನೆಗೆ ಹೊರಡುವ ದಿನ. ಮಕ್ಕಳಿಗೂ ಅದೇ ಕೊನೆಯ ದಿನ. ಹೆಂಡತಿ ಬೆಳಗ್ಗೆಯೇ ಕಾರು ಮಾಡಿಕೊಂಡು ಬಂದಿದ್ದರು. ಚೀಲಗಳು ಡಿಕ್ಕಿ ಸೇರಿದವು, ಅಜ್ಜಿಯೂ ಸೇರಿ ಎಲ್ಲರೂ ಬಾಗಿಲಿಗೆ ಬಂದರು. ಬರದವಳು ಪಾದರಸ ಒಬ್ಬಳೇ. ಎಲ್ಲರಿಗಿಂತ ಮೊದಲು ಬರುವವಳು ಅಂದು ಪತ್ತೆಯೇ ಇಲ್ಲ. ಡ್ರೈವರ್ ಹಾರನ್ ಮಾಡಿದ. ಮಾವ ಕೋಲೂರಿ ಕಾರಿನ ಪಕ್ಕ ನಿಂತು, "ಆ ಮಗು ಬರಲಿ," ಎಂದರು. ಕಾದೆವು. ನನಗೆ ಕೋಪ ನೆತ್ತಿಗೇರಿತ್ತು. ಕೊನೆಯ ದಿನ, ಅದೂ ಇಂಥ ದಿನ ಹೀಗೆ ಮಾಡುವುದೇ ಎಂದು ಬೈಗುಳವನ್ನೆಲ್ಲ ಬಾಯಲ್ಲಿ ಜೋಡಿಸಿಟ್ಟುಕೊಂಡೆ.

ರಸ್ತೆಯ ತಿರುವಿನಲ್ಲಿ ಓಡಿಬರುತ್ತಿರುವುದು ಕಂಡಿತು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು. ಬಂದವಳೇ ಗೇಟು ಹಿಡಿದು ಏದುಸಿರು ಬಿಟ್ಟಳು.

"ಎಲ್ಲಿ ಸತ್ತಿದ್ದೆ?" ಎಂದೆ.

"ತಮ್ಮ ಇವತ್ತು ತಾನೇ ಶರ್ಟ್ ಹಾಕ್ಕೊಂಡ ಸಿಸ್ಟರ್," ಎಂದಳು. "ವ್ಯಾನು ಕಾದು ಕಾದು ಹೊರಟುಹೋಯ್ತು. ಗಾಲಿ ಕುರ್ಚೀಲಿ ಸ್ಕೂಲ್ ತನಕ ತಳ್ಕೊಂಡು ಹೋಗಿ ಬಿಟ್ಟು ಬಂದೆ."

ನಾನು ಜೋಡಿಸಿಟ್ಟುಕೊಂಡ ಬೈಗುಳ ಒಂದೂ ಬಳಕೆಗೆ ಬರಲಿಲ್ಲ.

"ಮೇಲಿಂದ ಶುರು ಮಾಡಿದ್ನಾ, ಕೆಳಗಿಂದನಾ?" ಎಂದು ಮಾವ ಕೇಳಿದರು.

"ಮೇಲಿಂದ. ಹೇಳಿದ್ರೆ ಕೇಳಲಿಲ್ಲ. ಒಂದು ಗುಂಡಿ ತಪ್ಪಿ ಎಲ್ಲಾ ಓರೆ ಆಗಿತ್ತು."

"ಆಮೇಲೆ? ನೀನು ಸರಿ ಮಾಡಿದ್ಯಾ?"

ಪಾದರಸ ತಲೆಯಲ್ಲಾಡಿಸಿದಳು. "ಇಲ್ಲ ಮಾವ. ಸರಿ ಮಾಡ್ಲಾ ಅಂತ ಕೇಳ್ದೆ, ಬೇಡ ಅಂದ. ಹಾಗೇ ಕ್ಲಾಸಿಗೆ ಹೋದ."

ನನಗೆ ಅಳು ಬಂತು. ಅಷ್ಟು ಜನರ ಮುಂದೆ ಅತ್ತೆ. ಏಣಿ ಬೇರೆ ಕಡೆ ನೋಡಿದ, ಆಕಳಿಕೆ ನನಗೆ ತನ್ನ ಕರವಸ್ತ್ರ ಕೊಡಲು ಬಂದು, ಕೊಡಬಹುದೋ ಬಾರದೋ ತಿಳಿಯದೆ ಅರ್ಧಕ್ಕೆ ನಿಂತಳು. ಕೊಡು ಎಂದು ಕೇಳಿ ಇಸಿದುಕೊಂಡೆ.

ಮಾವ ಕಾರಿನ ಸೀಟಿನ ಮೇಲೆ ಮೆಲ್ಲಗೆ ಕೂತರು. ಬಲಗಾಲು ಹೊರಗೇ ಉಳಿಯಿತು. ಅವರ ಹೆಂಡತಿ ಅದನ್ನು ಎತ್ತಿಡಲು ಬಗ್ಗಿದವರು ಅಲ್ಲೇ ತಡೆದು, ನೆಟ್ಟಗಾಗಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಪಾದರಸ ಹೋಗಿ ಅವರ ಪಕ್ಕದಲ್ಲಿ ಹಾಗೇ ನಿಂತಳು. ಮಾವ ಎಡಗೈಯನ್ನು ಮೊಣಕಾಲಿನ ಕೆಳಗೆ ಕೊಟ್ಟು ಕಾಲನ್ನು ಎತ್ತಿಕೊಳ್ಳತೊಡಗಿದರು. ಡ್ರೈವರ್ ಮತ್ತೆ ಹಾರನ್ ಮಾಡಲಿಲ್ಲ, ನಾವೆಲ್ಲ ಕಾದು ನಿಂತೆವು.